ಹೊಸ ಬಾಳಿನ ಹೊಸ್ತಿಲಲ್ಲಿ ಹಿತಮಿತ ಆಹಾರ: ಮಳಖೇಡ ಸೀಮೆಯ ನೆಲೆಯಿಂದ ಒಂದು ಪರಾಮರ್ಶೆ

ಕಲಬುರಗಿ ಜಿಲ್ಲೆಯ ಪೂರ್ವಭಾಗದಲ್ಲಿ, ಚಿತ್ತಾಪುರ ಸೀಮೆಯ ಗುಂಡಗುರ್ತಿಯಿಂದ ಹಿಡಿದು ಸೇಡಂ, ಚಿಂಚೋಳಿ, ವಾಡಿ, ಶಹಾಬಾದಗಳವರೆಗೆ ಹರಡಿಕೊಂಡಿರುವ ಪ್ರದೇಶವು ಜೋಳ ಮತ್ತು ತೊಗರಿಗಳ ನಾಡು. ಈ ನೆಲದ ನಡುವೆ ಕಾಗಿಣಾ ನದಿ ಹರಿದು ಭೀಮೆಯನ್ನು ಕೂಡುತ್ತದೆ. ಅದರ ದಂಡೆಯ ಮೇಲಿರುವ ಮಳಖೇಡವೇ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದ ಮಾನ್ಯಖೇಟ. ಕವಿರಾಜಮಾರ್ಗವು ರೂಪುಗೊಂಡ ಆಸ್ಥಾನ ಅದೆಂಬುದು ಕನ್ನಡ ಬಲ್ಲವರಿಗೆಲ್ಲ ವಿದಿತವಾದ ಸಂಗತಿ. ಅದೇ ಆಸ್ಥಾನದಲ್ಲಿ ಮನುಷ್ಯನು ಏನನ್ನು ಉಣ್ಣಬೇಕು, ಏನನ್ನು ಬಿಡಬೇಕು ಎಂಬ ವಿಷಯವಾಗಿಯೂ ಗಂಭೀರವಾದ ಚರ್ಚೆ ನಡೆದಿತ್ತೆಂಬುದು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಇಂದು ಈ ಸೀಮೆಯ ಮನೆಗಳಲ್ಲಿ ಮದುವೆ ಗೊತ್ತಾದೊಡನೆ ವಧುವರರು ಮೈ ಇಳಿಸಲು ಹೊರಡುವುದು ಸಾಮಾನ್ಯವಾಗುತ್ತಿದೆ. ಉದ್ಯೋಗಕ್ಕೆಂದು ಬೆಂಗಳೂರು, ಹೈದರಾಬಾದು, ಪುಣೆಗಳಿಗೆ ತೆರಳಲಿರುವ ತರುಣರು, ಸಂತಾನಾಪೇಕ್ಷೆಯಿಂದ ವೈದ್ಯರ ಬಳಿಗೆ ಹೋಗುವ ದಂಪತಿಗಳು, ಸೇವಾನಿವೃತ್ತಿಯ ಅಂಚಿನಲ್ಲಿರುವವರು, ಇವರೆಲ್ಲರಿಗೂ 'ತೂಕ ಇಳಿಸಿರಿ' ಎಂಬ ಸಲಹೆ ಒಂದಲ್ಲ ಒಂದು ಕಡೆಯಿಂದ ಬರುತ್ತದೆ. ಕೆಲವರು ಒಂದು ತಿಂಗಳು ಅರೆಹೊಟ್ಟೆಯಲ್ಲಿದ್ದು ಮೈ ಇಳಿಸಿ, ಲಗ್ನ ಮುಗಿದ ಆರು ತಿಂಗಳಲ್ಲಿ ಕಳೆದುದರ ಒಂದೂವರೆ ಪಟ್ಟು ಕೂಡಿಸಿಕೊಳ್ಳುವುದೂ ಉಂಟು. ಬಾಳಿನ ದೊಡ್ಡ ತಿರುವಿಗೆ ಮುನ್ನ ದೇಹವನ್ನು ಸಜ್ಜುಗೊಳಿಸುವ ವಿಚಾರ ನಮ್ಮ ಪರಂಪರೆಯಲ್ಲಿ ಇತ್ತೇ? ಇದ್ದರೆ ಅದರ ಕ್ರಮವೇನು? ಇಂದಿನ ವಿಜ್ಞಾನದೊಡನೆ ಅದು ಎಷ್ಟರಮಟ್ಟಿಗೆ ಹೊಂದುತ್ತದೆ? ಈ ಪ್ರಶ್ನೆಗಳನ್ನು ಗ್ರಂಥಾಧಾರದಿಂದಲೂ ಲೋಕಾನುಭವದಿಂದಲೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಮಾನ್ಯಖೇಟದ ಸಂಗತಿ. ಕ್ರಿ.ಶ. 9ನೆಯ ಶತಮಾನದಲ್ಲಿದ್ದ ಉಗ್ರಾದಿತ್ಯನೆಂಬ ಜೈನಾಚಾರ್ಯನು ಸಂಸ್ಕೃತದಲ್ಲಿ 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನು ರಚಿಸಿದನು. ಮದ್ಯಮಾಂಸಗಳನ್ನು ಬಳಸದೆ ಚಿಕಿತ್ಸೆ ನಡೆಸಬಹುದೆಂಬುದು ಅದರ ವೈಶಿಷ್ಟ್ಯ. ಈ ಗ್ರಂಥದ ಕೊನೆಗೆ ಸೇರಿರುವ ಹಿತಾಹಿತಾಧ್ಯಾಯವನ್ನು ನೃಪತುಂಗನ ಸಭೆಯಲ್ಲಿ, ವೈದ್ಯರ ಮತ್ತು ವಿದ್ವಾಂಸರ ಸಮ್ಮುಖದಲ್ಲಿ ಪ್ರತಿಪಾದಿಸಿದಂತೆ ಗ್ರಂಥವೇ ಹೇಳಿಕೊಳ್ಳುತ್ತದೆ. ಆ ನೃಪತುಂಗನು ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷನೇ ಎಂದು ವಿದ್ವಾಂಸರು ಸಾಮಾನ್ಯವಾಗಿ ಗುರುತಿಸಿದ್ದಾರೆ. ಹಿತವಾದ ಆಹಾರ ಯಾವುದು, ಅಹಿತವಾದುದು ಯಾವುದು ಎಂಬುದು ಒಂದು ಸಾಮ್ರಾಜ್ಯದ ರಾಜಸಭೆಯಲ್ಲಿ ವಾದಕ್ಕೆ ಯೋಗ್ಯವಾದ ವಿಷಯವೆನಿಸಿತ್ತೆಂಬುದು ಇಲ್ಲಿ ಗಮನಾರ್ಹ. ಅಡುಗೆಮನೆಯ ಮಾತು ಅರಮನೆಯ ಮಾತೂ ಆಗಿತ್ತು.

ಈ ಆಸ್ಥಾನಕ್ಕೆ ಆಶ್ರಯವಾಗಿದ್ದ ಜೈನಪರಂಪರೆಯಲ್ಲಿ ಊಟವನ್ನು ತಗ್ಗಿಸುವುದಕ್ಕೆ ಪ್ರತ್ಯೇಕವಾದ ಹೆಸರೇ ಇದೆ. ಬಾಹ್ಯತಪಸ್ಸುಗಳು ಆರು, ಅವುಗಳಲ್ಲಿ ಮೊದಲನೆಯದು ಅನಶನ, ಎಂದರೆ ಉಪವಾಸ, ಎರಡನೆಯದು ಅವಮೌದರ್ಯ, ಎಂದರೆ ಹೊಟ್ಟೆ ತುಂಬುವುದಕ್ಕೆ ಮುನ್ನವೇ ಕೈ ತೊಳೆಯುವುದು. ಪುರುಷನ ಪೂರ್ಣಾಹಾರವನ್ನು 32 ತುತ್ತು, ಸ್ತ್ರೀಯ ಪೂರ್ಣಾಹಾರವನ್ನು 28 ತುತ್ತು ಎಂದು ಎಣಿಸಿ, ಅದರಲ್ಲಿ ಕೆಲವನ್ನು ಬಿಡುವುದೇ ಈ ವ್ರತ. ಪೂರ್ತಿ ಉಪವಾಸವಿರುವುದಕ್ಕಿಂತ ಎದುರಿಗೆ ಅನ್ನವಿದ್ದೂ ನಾಲ್ಕು ತುತ್ತು ಬಿಟ್ಟೇಳುವುದು ಕಷ್ಟವೆಂಬುದನ್ನು ಅನುಭವಸ್ಥರು ಬಲ್ಲರು.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಆಹಾರತ್ಯಾಗದ ಪ್ರಸಂಗಗಳೆಲ್ಲವೂ ಒಂದೇ ಜಾತಿಯವಲ್ಲ. ರಾಷ್ಟ್ರಕೂಟ ವಂಶದ ಕೊನೆಯ ಕುಡಿಯಾದ ನಾಲ್ಕನೆಯ ಇಂದ್ರನು ಕ್ರಿ.ಶ. 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನವ್ರತದಿಂದ ದೇಹತ್ಯಾಗ ಮಾಡಿದನು. ಅದೂ ಒಂದು ದೊಡ್ಡ ಬದಲಾವಣೆಯ ಮುನ್ನಿನ ಆಹಾರಸಂಯಮವೇ. ಆದರೆ ಅದರ ಗುರಿ ದೇಹದ ವಿಸರ್ಜನೆ. ರೋಗಿಯ ಲಂಘನದ ಗುರಿ ದೇಹದ ರಕ್ಷಣೆ. ಮದುವೆಗೆ ಮುನ್ನ ಮೈ ಇಳಿಸುವವನ ಗುರಿ ಬಹುತೇಕ ಅಲಂಕಾರ. ತಪಸ್ಸು, ಚಿಕಿತ್ಸೆ, ಅಲಂಕಾರ ಎಂಬ ಈ ಮೂರನ್ನು ಒಂದಕ್ಕೊಂದು ಬೆರೆಸಿದಲ್ಲಿಯೇ ಇಂದಿನ ಅನೇಕ ಅನರ್ಥಗಳ ಮೂಲವಿದೆ. ಸಾಧಕನ ಕಠೋರತೆಯನ್ನು ಅಲಂಕಾರಕ್ಕೆ ಬಳಸಿದರೆ ದೇಹ ಮುರಿಯುತ್ತದೆ. ಅಲಂಕಾರದ ಅವಸರವನ್ನು ಚಿಕಿತ್ಸೆಗೆ ಬಳಸಿದರೆ ರೋಗ ಮರಳುತ್ತದೆ.

ಚಿಕಿತ್ಸೆಯ ದೃಷ್ಟಿಯಿಂದ ಈ ವಿಷಯವನ್ನು ಅತ್ಯಂತ ವಿಶದವಾಗಿ ವಿವೇಚಿಸಿರುವುದು ಚರಕಸಂಹಿತೆ. ಅದರ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಸ್ಥೂಲ ಮತ್ತು ಅತಿಕೃಶರಿಬ್ಬರೂ ಸದಾ ವ್ಯಾಧಿಗೆ ಒಳಗಾಗುವವರೆಂದು ಹೇಳಿದೆ. ಅತಿಸ್ಥೂಲನಿಗೆ ಆಯುಷ್ಯದ ಹ್ರಾಸ, ಚಲನೆಯ ಮಂದಗತಿ, ದೌರ್ಬಲ್ಯ, ಅತಿಯಾದ ಬೆವರು, ಅತಿಯಾದ ಹಸಿವು, ಅತಿಯಾದ ಬಾಯಾರಿಕೆ ಮೊದಲಾದ ಎಂಟು ದೋಷಗಳನ್ನು ಎಣಿಸಿದೆ. ಅದರ ಕಾರಣಗಳನ್ನು ಹೇಳುವಲ್ಲಿ ಅತಿಭೋಜನ, ಜಿಡ್ಡು ಮತ್ತು ಸಿಹಿ ಪದಾರ್ಥಗಳ ಸೇವನೆ, ವ್ಯಾಯಾಮವಿಲ್ಲದಿರುವಿಕೆ, ಹಗಲುನಿದ್ದೆ ಇವುಗಳ ಜೊತೆಗೆ ಬೀಜಸ್ವಭಾವವನ್ನೂ, ಎಂದರೆ ತಂದೆತಾಯಿಗಳಿಂದ ಬರುವ ಪ್ರಕೃತಿಯನ್ನೂ ಸೇರಿಸಿರುವುದು ಪ್ರಾಚೀನರ ನ್ಯಾಯಬುದ್ಧಿಗೆ ಸಾಕ್ಷಿ. ದಪ್ಪಗಿರುವವರೆಲ್ಲ ತಿಂಡಿಪೋತರೆಂದು ನಗುವ ಇಂದಿನ ರೂಢಿಗಿಂತ ಅದು ಹೆಚ್ಚು ಸಂಸ್ಕಾರವುಳ್ಳ ದೃಷ್ಟಿ.

ಅದೇ ಅಧ್ಯಾಯದಲ್ಲಿ ಸ್ಥೂಲನಿಗೆ ಹೇಳಿರುವ ಪಥ್ಯದ ಪಟ್ಟಿಯಂತೂ ಈ ಸೀಮೆಯವರಿಗೆ ವಿಸ್ಮಯವನ್ನುಂಟುಮಾಡುವಂತಹದು. ಯವೆ, ನವಣೆ, ಸಾಮೆ, ಹಾರಕ, ಹೆಸರು, ಹುರುಳಿ ಇವುಗಳ ನಡುವೆ 'ಜೂರ್ಣಾಹ್ವ' ಮತ್ತು 'ಆಢಕೀ' ಎಂಬ ಎರಡು ಹೆಸರುಗಳು ಬರುತ್ತವೆ. ಮೊದಲನೆಯದನ್ನು ಜೋಳವೆಂದೂ ಎರಡನೆಯದನ್ನು ತೊಗರಿಯೆಂದೂ ಅರ್ಥೈಸುತ್ತಾರೆ. ಪಡವಲ, ನೆಲ್ಲಿಕಾಯಿಗಳೂ ಈ ಪಟ್ಟಿಯಲ್ಲಿವೆ. ಗುಂಡಗುರ್ತಿಯ ಹೊಲಗಳಲ್ಲಿ ಬೆಳೆಯುವ ಎರಡು ಮುಖ್ಯ ಧಾನ್ಯಗಳು ಮೈ ಇಳಿಸುವ ಪಥ್ಯವಾಗಿ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಗ್ರಂಥದಲ್ಲಿ ಜೊತೆಜೊತೆಯಾಗಿ ನಿಂತಿವೆ. ಮದುವೆಗೆ ಮುನ್ನ ಪೇಟೆಯಿಂದ ದುಬಾರಿ ಪುಡಿಯ ಡಬ್ಬಿಗಳನ್ನು ತರಿಸುವ ಮನೆಯವರು ತಮ್ಮ ಹಗೇವಿನಲ್ಲಿಯೇ ಇದ್ದುದನ್ನು ಮರೆತಿದ್ದಾರೆಂದು ಹೇಳದೆ ವಿಧಿಯಿಲ್ಲ.

ಚರಕನ ಮತ್ತೊಂದು ಉಪದೇಶ ಇನ್ನೂ ಮುಖ್ಯವಾದುದು. ಸ್ಥೌಲ್ಯವನ್ನು ಬಿಡಬಯಸುವವನು ವ್ಯಾಯಾಮಾದಿಗಳನ್ನು ಕ್ರಮಕ್ರಮವಾಗಿ ಹೆಚ್ಚಿಸಬೇಕೆಂದು ಆತನು ವಿಧಿಸುತ್ತಾನೆ. ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ಅಹಿತವಾದ ಅಭ್ಯಾಸವನ್ನು ಬಿಟ್ಟು ಹಿತವಾದುದನ್ನು ಹಿಡಿಯುವ ವಿಧಾನವನ್ನು ಪ್ರತ್ಯೇಕವಾಗಿ ವಿವರಿಸಿದೆ. ಅದಕ್ಕೆ ಪಾದಾಂಶಿಕ ಕ್ರಮವೆಂದು ಹೆಸರು. ಬಿಡಬೇಕಾದುದನ್ನು ಒಮ್ಮೆಲೇ ಬಿಡದೆ ಕಾಲುಭಾಗ ಬಿಡಬೇಕು; ಅದರ ಸ್ಥಾನದಲ್ಲಿ ಹಿತವಾದುದನ್ನು ಕಾಲುಭಾಗ ಸೇರಿಸಬೇಕು. ಅನಂತರ ದಿನಗಳ ಅಂತರವನ್ನು ಒಂದು, ಎರಡು, ಮೂರು ಎಂದು ಹೆಚ್ಚಿಸುತ್ತ ಅರ್ಧ, ಮುಕ್ಕಾಲು, ಪೂರ್ಣ ಎಂದು ಮುಂದುವರಿಯಬೇಕು. ಹೀಗೆ ಕ್ರಮದಿಂದ ಕಳೆದುಕೊಂಡ ದೋಷಗಳು ಮತ್ತೆ ತಲೆಯೆತ್ತುವುದಿಲ್ಲ, ಕ್ರಮದಿಂದ ಗಳಿಸಿದ ಗುಣಗಳು ಅಲುಗುವುದಿಲ್ಲ ಎಂಬುದು ಅಲ್ಲಿಯ ಅಭಿಪ್ರಾಯ. ವಾಗ್ಭಟನು ಇದೇ ಕ್ರಮವನ್ನು ಋತುಸಂಧಿಗೆ ಅನ್ವಯಿಸುತ್ತಾನೆ. ಹಳೆಯ ಋತುವಿನ ಕೊನೆಯ ಏಳು ದಿನ, ಹೊಸ ಋತುವಿನ ಮೊದಲ ಏಳು ದಿನ, ಈ ಎರಡು ವಾರಗಳಲ್ಲಿ ಹಳೆಯ ಆಹಾರವಿಹಾರಗಳನ್ನು ಮೆಲ್ಲಗೆ ಬಿಡುತ್ತ ಹೊಸದನ್ನು ಮೆಲ್ಲಗೆ ಹಿಡಿಯಬೇಕು. ಅವಸರಪಟ್ಟರೆ ರೋಗ ಹುಟ್ಟುತ್ತದೆ.

ಬಾಳಿನ ತಿರುವುಗಳೂ ಒಂದು ಬಗೆಯ ಋತುಸಂಧಿಗಳೇ ಎಂಬುದನ್ನು ಇಲ್ಲಿ ಮನಗಾಣಬೇಕು. ಪ್ರಾಚೀನರು ಈ ಸಾಮ್ಯವನ್ನು ಕಂಡಿದ್ದರೆನ್ನಲು ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯವೇ ಆಧಾರ. ಉತ್ತಮ ಸಂತಾನವನ್ನು ಬಯಸುವ ದಂಪತಿಗಳು ಗರ್ಭಾಧಾನಕ್ಕೆ ಮುನ್ನ ಸ್ನೇಹನ, ಸ್ವೇದನ, ಶೋಧನಗಳಿಂದ ದೇಹವನ್ನು ಶುದ್ಧಿಗೊಳಿಸಿಕೊಂಡು, ಅನಂತರ ಕ್ರಮದಿಂದ ಸಹಜವಾದ ಆಹಾರಕ್ಕೆ ಮರಳಬೇಕೆಂದು ಅಲ್ಲಿ ವಿಧಿಸಿದೆ. ಗಂಡಹೆಂಡಿರಿಬ್ಬರಿಗೂ ಈ ವಿಧಿ ಸಮಾನ. ಸಂತಾನವಾಗದಿದ್ದರೆ ಹೊರೆಯನ್ನೆಲ್ಲ ಹೆಣ್ಣಿನ ತಲೆಗೆ ಕಟ್ಟುವ ನಮ್ಮ ಮನೆಗಳು ಈ ಒಂದು ಅಂಶವನ್ನಾದರೂ ಗ್ರಂಥದಿಂದ ಕಲಿಯಬೇಕು.

ಇನ್ನು ಕನ್ನಡದ ಕಡೆಗೆ ಬಂದರೆ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಕ್ರಿ.ಶ. 1025ರ ಹೊತ್ತಿಗೆ, ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ವು ವೈದ್ಯ, ವೃಕ್ಷಾಯುರ್ವೇದ, ಜಲಶೋಧನೆಗಳ ಜೊತೆಗೆ ಸೂಪಶಾಸ್ತ್ರವನ್ನೂ ಒಳಗೊಂಡಿದೆ. ರಾಜಧಾನಿಯು ಇನ್ನೂ ಕಲ್ಯಾಣಕ್ಕೆ ವರ್ಗವಾಗಿರದ ಕಾಲವದು. ಮುಂದೆ ಕಲ್ಯಾಣದ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗವೆಂಬ ಭಾಗವೇ ಇದೆ. ಇಡ್ಲಿ, ದೋಸೆಗಳ ಪೂರ್ವರೂಪಗಳು ಅಲ್ಲಿ ದೊರೆಯುತ್ತವೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ಕನ್ನಡದಲ್ಲಿ ರಚಿಸಿದನು. ಕೆಳದಿಯ ಬಸವರಾಜನ 'ಶಿವತತ್ತ್ವರತ್ನಾಕರ'ವು 18ನೆಯ ಶತಮಾನದ ಆದಿಯಲ್ಲಿ ಈ ಪರಂಪರೆಯನ್ನು ಮುಂದುವರಿಸಿತು. ಈ ಗ್ರಂಥಗಳನ್ನು ಓದುವಾಗ ಒಂದು ಸತ್ಯವನ್ನು ಮರೆಯಬಾರದು. ಇವು ಬಹುಮಟ್ಟಿಗೆ ಅರಮನೆಯ ಮತ್ತು ಉಳ್ಳವರ ಊಟದ ವರ್ಣನೆಗಳು. ಕಾಗಿಣೆಯ ದಂಡೆಯ ಒಕ್ಕಲಿಗನು ಇವುಗಳಲ್ಲಿರುವ ಭಕ್ಷ್ಯಗಳನ್ನು ಕನಸಿನಲ್ಲಿಯೂ ಕಂಡಿರಲಾರ. ಅವನ ಬದುಕು ಜೋಳವನ್ನು ನಂಬಿತ್ತು. ಉಂಡ ಜೋಳದ ಋಣಕ್ಕೆ ಪ್ರಾಣವನ್ನೇ ಒಪ್ಪಿಸುವ ನಿಷ್ಠೆಗೆ ಹಳಗನ್ನಡದಲ್ಲಿ 'ಜೋಳವಾಳಿ' ಎಂಬ ಮಾತೇ ಹುಟ್ಟಿತು. ಅಕ್ಕಿಯ ಋಣವೆನ್ನದೆ ಜೋಳದ ಋಣವೆಂದುದೇ ಈ ನಾಡಿನ ಊಟದ ಇತಿಹಾಸವನ್ನು ಹೇಳುತ್ತದೆ.

ಗ್ರಂಥಗಳು ಬಾಳಿನ ತಿರುವಿಗೆ ಮುನ್ನ ಶೋಧನೆಯನ್ನು ಹೇಳಿದರೆ ಜನಪದರ ರೂಢಿ ಅದಕ್ಕೆ ವಿರುದ್ಧವಾಗಿದೆಯೆಂಬ ಆಕ್ಷೇಪಣೆ ಇಲ್ಲಿ ಸಹಜ. ಲಗ್ನ ನಿಶ್ಚಯವಾದ ಹೆಣ್ಣನ್ನು ಬಂಧುಗಳು ಕರೆದು ಹೋಳಿಗೆ ತುಪ್ಪ ಉಣಿಸುತ್ತಾರೆ. ಬಸುರಿಗೆ ಕುಬಸ ಮಾಡಿ ಬಯಕೆಯ ಊಟ ಬಡಿಸುತ್ತಾರೆ. ಬಾಣಂತಿಗೆ ಅಳವಿಯ ಪಾಯಸ, ಅಂಟಿನ ಉಂಡೆ. ದೂರ ಊರಿಗೆ ಹೊರಟವನ ಬುತ್ತಿಯಲ್ಲಿ ಕಡಕ್ ರೊಟ್ಟಿಯೊಡನೆ ಶೇಂಗಾದ ಹೋಳಿಗೆ. ತಿರುವು ಬಂದಾಗಲೆಲ್ಲ ಉಣಿಸುವುದೇ ನಮ್ಮ ರೂಢಿ. ಇದು ಅವಿವೇಕವೆಂದು ತಳ್ಳಿಹಾಕುವಂತಿಲ್ಲ. ಬರಗಾಲಗಳನ್ನು ಬಲ್ಲ ನೆಲವಿದು. 1876ರಿಂದ 78ರವರೆಗಿನ ಬರದ ನೆನಪು, 1972ರ ಬರದ ನೆನಪು ಹಿರಿಯರ ಮಾತುಗಳಲ್ಲಿ ಹಾದು ಬಂದಿವೆ. ವರ್ಷದ ಹಲವು ತಿಂಗಳು ಅರೆಹೊಟ್ಟೆಯಲ್ಲಿರುತ್ತಿದ್ದ ಹುಡುಗಿಯು ಹೊಸ ಮನೆಯ ದುಡಿತಕ್ಕೂ ಹೆರಿಗೆಗೂ ಹೋಗುವ ಮುನ್ನ ನಾಲ್ಕು ದಿನ ತುಪ್ಪ ಉಣ್ಣುವುದು ಆಗ ಔಷಧವೇ ಆಗಿತ್ತು. ಚರಕ ವಾಗ್ಭಟರ ಪರಿಭಾಷೆಯಲ್ಲಿ ಕೃಶರಿಗೆ ಬೃಂಹಣ, ಸ್ಥೂಲರಿಗೆ ಲಂಘನ. ಜನಪದರು ತಮ್ಮ ಕಾಲಕ್ಕೆ ತಕ್ಕ ಬೃಂಹಣವನ್ನು ಆಚರಿಸಿದರು. ಗ್ರಂಥಕ್ಕೂ ರೂಢಿಗೂ ವಿರೋಧವಿಲ್ಲ; ದೇಹಸ್ಥಿತಿ ಬೇರೆ, ಉಪಚಾರ ಬೇರೆ.

ಬದಲಾದುದು ಕಾಲ. ಇಪ್ಪತ್ತನೆಯ ಶತಮಾನದಲ್ಲಿ ಶಹಾಬಾದ, ವಾಡಿ, ಸೇಡಂಗಳ ಸುಣ್ಣಕಲ್ಲಿನ ನೆಲದಲ್ಲಿ ಸಿಮೆಂಟಿನ ಕಾರ್ಖಾನೆಗಳೂ ಫರ್ಸಿಕಲ್ಲಿನ ಗಣಿಗಳೂ ಬೆಳೆದವು. ಪಾಳಿಯ ದುಡಿತ, ಪೇಟೆಯ ಊಟ, ಹೊತ್ತು ತಪ್ಪಿದ ನಿದ್ದೆ ಮನೆಮನೆಗೆ ಬಂದವು. ಪಡಿತರದ ಅಕ್ಕಿ ಬಡವರ ಹಸಿವನ್ನು ನೀಗಿತೆಂಬುದು ನಿಜ, ಆ ಉಪಕಾರ ಸಣ್ಣದಲ್ಲ. ಆದರೆ ಅದರ ಜೊತೆಗೇ ರೊಟ್ಟಿ ಬಡಿಯುವ ಕೈಗಳು ಕಡಿಮೆಯಾದವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಂತೆ ದೇಶದ ವಯಸ್ಕ ಸ್ತ್ರೀಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬಳು ಅಧಿಕ ತೂಕದವಳು. ಸುಮಾರು ಐವರಲ್ಲಿ ಒಬ್ಬಳು ತೀರ ಕೃಶಳು. ಶೇಕಡಾ 57ರಷ್ಟು ಸ್ತ್ರೀಯರಿಗೆ ರಕ್ತಹೀನತೆ. ಚರಕನು ಹೇಳಿದ ಎರಡು ಅತಿಗಳೂ ಒಂದೇ ಕಾಲದಲ್ಲಿ, ಹಲವೆಡೆ ಒಂದೇ ಓಣಿಯಲ್ಲಿ, ಬೀಡುಬಿಟ್ಟಿವೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದ ಅಧ್ಯಯನವೊಂದು ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿತು.

ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ 'ಎಷ್ಟು ಇಳಿಸಬೇಕು' ಎಂಬುದಲ್ಲ, 'ಇಳಿಸಬೇಕೋ ಬೇಡವೋ' ಎಂಬುದು. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಅಂಕಿಯು 23ನ್ನು ಮೀರಿದರೆ ಅಧಿಕ ತೂಕ, 25ನ್ನು ಮುಟ್ಟಿದರೆ ಸ್ಥೌಲ್ಯ ಎಂಬುದು ಭಾರತೀಯರಿಗಾಗಿ ವೈದ್ಯರು ಒಪ್ಪಿರುವ ಮಾನದಂಡ. 160 ಸೆಂಟಿಮೀಟರ್ ಎತ್ತರದ ವ್ಯಕ್ತಿಗೆ ಈ ಗಡಿಗಳು ಸುಮಾರು 59 ಮತ್ತು 64 ಕಿಲೋಗ್ರಾಂ ಆಗುತ್ತವೆ. ಸೊಂಟದ ಸುತ್ತಳತೆ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರ್ ಮೀರದಿರುವುದು ಲೇಸು. ಈ ಮಿತಿಯೊಳಗಿರುವ ಹುಡುಗಿಯು ಲಗ್ನದ ಸೀರೆಗಾಗಿ ಹಸಿದುಕೊಂಡರೆ ಅದು ಲಂಘನವಲ್ಲ, ರಕ್ತಹೀನತೆಗೆ ಕೊಡುವ ಆಹ್ವಾನ. ಗರ್ಭಿಣಿಯಾದ ಮೇಲಂತೂ ಮೈ ಇಳಿಸುವ ಮಾತೇ ಸಲ್ಲದು; ಇಳಿಸಬೇಕಾದರೆ ಅದಕ್ಕೆ ಕಾಲ ಗರ್ಭಕ್ಕೆ ಮುನ್ನ. ಆಗಲೂ ವೈದ್ಯರ ಸಲಹೆಯಂತೆ ಫೋಲಿಕ್ ಆಮ್ಲದ ಮಾತ್ರೆಯನ್ನು ಮೊದಲೇ ಆರಂಭಿಸುವುದು ಉಚಿತ.

ಇಳಿಸಲೇಬೇಕಾದವರು ಎಷ್ಟು ಇಳಿಸಬೇಕು? ಇಲ್ಲಿ ಆಧುನಿಕ ಸಂಶೋಧನೆಯು ಪ್ರಾಚೀನರ 'ಕ್ರಮೇಣ' ಎಂಬ ಮಾತಿಗೆ ಸಮೀಪವಾಗಿ ಬಂದಿದೆ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮಧುಮೇಹದ ಅಂಚಿನಲ್ಲಿದ್ದವರಿಗೆ ತೂಕದ ಶೇಕಡಾ 7ರಷ್ಟನ್ನು ಕಳೆಯುವುದು, ವಾರಕ್ಕೆ 150 ನಿಮಿಷ ನಡೆದಾಡುವುದು ಎಂಬ ಎರಡು ಗುರಿಗಳನ್ನು ಕೊಡಲಾಯಿತು. ಅವರಲ್ಲಿ ಮಧುಮೇಹ ತಗಲುವ ಪ್ರಮಾಣ ಶೇಕಡಾ 58ರಷ್ಟು ತಗ್ಗಿತು. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಪ್ರಯೋಗದಲ್ಲಿಯೂ ಆಹಾರ ಮತ್ತು ನಡಿಗೆಗಳ ಸುಧಾರಣೆಯಿಂದ ಸುಮಾರು ಶೇಕಡಾ 28ರಷ್ಟು ಇಳಿತ ಕಂಡುಬಂದಿತು. 70 ಕಿಲೋಗ್ರಾಂ ತೂಕದವನಿಗೆ ಶೇಕಡಾ 7 ಎಂದರೆ 5 ಕಿಲೋಗ್ರಾಂಗಿಂತಲೂ ಕಡಿಮೆ. ಆರು ತಿಂಗಳಲ್ಲಿ ಸಾಧಿಸಬಹುದಾದ ಈ ಗುರಿಯನ್ನು ಬಿಟ್ಟು ಒಂದು ತಿಂಗಳಲ್ಲಿ 15 ಕಿಲೋಗ್ರಾಂ ಕಳೆಯುವ ಜಾಹೀರಾತಿಗೆ ಮರುಳಾಗುವುದು ವಿವೇಕವಲ್ಲ.

ಜೋಳದ ವಿಷಯದಲ್ಲಿಯೂ ಅತಿಯಾದ ಅಭಿಮಾನ ಸಲ್ಲದು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಸುಮಾರು 10 ಗ್ರಾಂ ಪ್ರೋಟೀನ್ ಇವೆ; ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು ಸುಮಾರು 3 ಗ್ರಾಂ, ಪ್ರೋಟೀನ್ 8 ಗ್ರಾಂ. ನಾರು ಹೆಚ್ಚಾದುದರಿಂದ ಜೋಳವು ಬೇಗ ತೃಪ್ತಿಯನ್ನು ಕೊಡುತ್ತದೆ. ಆದರೆ ಶಕ್ತಿಯ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಸಮವೇ. ಆರು ರೊಟ್ಟಿ ಉಣ್ಣುವವನು ಅಕ್ಕಿ ಬಿಟ್ಟೆನೆಂಬ ಒಂದೇ ಕಾರಣಕ್ಕೆ ಮೈ ಇಳಿಯಲಿಲ್ಲವೆಂದು ಕೊರಗಬಾರದು. ಇನ್ನೊಂದು ಎಚ್ಚರಿಕೆಯನ್ನು ಇತಿಹಾಸವೇ ಕೊಟ್ಟಿದೆ. ದಖ್ಖನಿನ ಬಡ ಜೋಳಾಹಾರಿಗಳಲ್ಲಿ ಪೆಲಾಗ್ರ ಎಂಬ ವ್ಯಾಧಿ ಕಾಣಿಸಿಕೊಳ್ಳುತ್ತಿತ್ತು. ಬಿಸಿಲು ತಾಗುವ ಚರ್ಮ ಕಪ್ಪಾಗಿ ಬಿರಿಯುವುದು, ಭೇದಿ, ಬುದ್ಧಿಭ್ರಮೆ ಅದರ ಲಕ್ಷಣಗಳು. ಹೈದರಾಬಾದಿನ ಪೌಷ್ಟಿಕಾಹಾರ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಅವರು 1960ರಲ್ಲಿ, ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಂಶ ಇದಕ್ಕೆ ಕಾರಣವೆಂದು ಪ್ರತಿಪಾದಿಸಿದರು. ಜೋಳವನ್ನೊಂದನ್ನೇ ನಂಬಿದ ಬಡವನಿಗೆ ಬಂದ ರೋಗವಿದು. ರೊಟ್ಟಿಯ ಜೊತೆಗೆ ಬೇಳೆ, ಪುಂಡಿಪಲ್ಯ, ಶೇಂಗಾದ ಹಿಂಡಿ, ಮಜ್ಜಿಗೆ ಇದ್ದ ತಾಟಿಗೆ ಆ ಭಯವಿರಲಿಲ್ಲ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಬಡಿಸುವ ಊಟವನ್ನು ನೆನೆದರೆ ಸಾಕು: ಜೋಳ ಸಜ್ಜೆಗಳ ರೊಟ್ಟಿ, ಹತ್ತಾರು ಕಾಳು ಸೊಪ್ಪು ಕಾಯಿಗಳನ್ನು ಕೂಡಿಸಿದ ಭಜ್ಜಿಪಲ್ಯ. ಪೌಷ್ಟಿಕಶಾಸ್ತ್ರದ ಪಾಠವೊಂದು ಹಬ್ಬದ ರೂಪದಲ್ಲಿ ಉಳಿದು ಬಂದಿದೆ.

ವ್ರತಗಳ ವಿಷಯವೂ ವಿಚಾರಾರ್ಹ. ಶ್ರಾವಣದ ಒಪ್ಪತ್ತು ಎಂದರೆ ಒಂದು ಹೊತ್ತಿನ ಊಟ. ಹೆಸರಿನಲ್ಲಿಯೇ ಅದರ ಮಿತಿಯಿದೆ. ಆದರೆ ಇಂದು ಒಪ್ಪತ್ತಿನ ದಿನ ಸಾಬೂದಾಣಿಯ ಖಿಚಡಿ, ಕರಿದ ಆಲೂಗಡ್ಡೆ, ಶೇಂಗಾದ ಉಂಡೆ ಸೇರಿ ಉಳಿದ ದಿನದ ಎರಡು ಊಟಗಳನ್ನೂ ಮೀರಿಸುವುದುಂಟು. ವ್ರತ ಮುಗಿದ ಮರುದಿನ ಮೈ ಭಾರವಾದರೆ ಅದು ವ್ರತದ ದೋಷವಲ್ಲ.

ಶರಣರ ಚರಿತ್ರೆಯಲ್ಲಿ ಈ ವಿಷಯಕ್ಕೆ ನೇರವಾದ ಉಪದೇಶವನ್ನು ಹುಡುಕುವುದು ಸರಿಯಲ್ಲ. ಅವರ ಚಿಂತೆ ತೂಕದ್ದಾಗಿರಲಿಲ್ಲ. ಆದರೂ ಮಿತಿಯ ವಿಷಯವಾಗಿ ಶೂನ್ಯಸಂಪಾದನೆಯು ಆಯ್ದಕ್ಕಿ ದಂಪತಿಗಳ ಪ್ರಸಂಗವನ್ನು ಕಾದಿರಿಸಿದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಕಾಯಕ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಒಲೆಗೆ ಸೇರಿಸದೆ ಹೆಚ್ಚಾದುದನ್ನು ಮರಳಿ ಚೆಲ್ಲಿ ಬರುವಂತೆ ಗಂಡನನ್ನು ಕಳುಹಿದಳು. ಅವಳ ಲೆಕ್ಕ ಸರಳ. ಇಂದಿಗೆ ಬೇಕಾದುದು ಎಷ್ಟೆಂಬುದು ಅವಳಿಗೆ ತಿಳಿದಿತ್ತು, ಮಿಕ್ಕುದು ಬೇರೊಬ್ಬರದು. ಮುಷ್ಟಿಯ ಅಳತೆಯನ್ನು ಬಲ್ಲ ಆ ಬಡ ಹೆಣ್ಣುಮಗಳಿಗೆ ತಕ್ಕಡಿಯ ಅಗತ್ಯವಿರಲಿಲ್ಲ. ದಾಸೋಹವು ಅನ್ಯರ ಹಸಿವನ್ನು ನೆನೆಯುವ ಊಟ. ಕಲಬುರಗಿಯ ಶರಣಬಸವೇಶ್ವರರ ದಾಸೋಹದ ಕೀರ್ತಿ ಈ ಸೀಮೆಯಲ್ಲಿ ಮನೆಮಾತು. ಅಂತಹ ನೆಲದಲ್ಲಿ ಮೈ ಇಳಿಸುವ ಮಾತು ಕೇವಲ ಉಳ್ಳವರ ಶೋಕಿಯೆನಿಸದಿರಬೇಕಾದರೆ ಈ ನೆನಪು ಬೇಕು. ಮದುವೆಯ ಪಂಕ್ತಿಯಲ್ಲಿ ಒಬ್ಬನು ಬಿಟ್ಟು ಏಳುವ ಎಲೆಯಲ್ಲಿ ಇನ್ನೊಬ್ಬನ ಊಟವಿರುತ್ತದೆ. ಬಡಿಸಿಕೊಳ್ಳುವಾಗಲೇ ಕಡಿಮೆ ಬಡಿಸಿಕೊಂಡರೆ ದೇಹಕ್ಕೂ ಹಿತ, ದಾಸೋಹಕ್ಕೂ ಹಿತ.

ಈ ಎಲ್ಲ ವಿವೇಚನೆಯಿಂದ ಒಂದು ಆಚರಣೀಯವಾದ ಕ್ರಮವನ್ನು ರೂಪಿಸಬಹುದು. ಮದುವೆ, ಸಂತಾನ, ಹೊಸ ಊರು, ನಿವೃತ್ತಿ ಯಾವುದೇ ಇರಲಿ, ಅದಕ್ಕೆ ಆರು ತಿಂಗಳು ಮುನ್ನ ವೈದ್ಯರಿಂದ ತೂಕ, ರಕ್ತ, ಸಕ್ಕರೆಯ ಅಂಶಗಳನ್ನು ಪರೀಕ್ಷಿಸಿಕೊಳ್ಳಬೇಕು. ಇಳಿಸುವ ಅಗತ್ಯವಿದ್ದರೆ ಪಾದಾಂಶಿಕ ಕ್ರಮವನ್ನು ಹಿಡಿಯಬೇಕು: ನಾಲ್ಕು ಲೋಟ ಸಕ್ಕರೆಯ ಚಹ ಕುಡಿಯುವವರು ಮೊದಲು ಮೂರಕ್ಕೆ, ಕೆಲ ದಿನಗಳ ಅನಂತರ ಎರಡಕ್ಕೆ ಇಳಿಯಬೇಕು. ತಾಟಿನ ಅನ್ನದಲ್ಲಿ ಕಾಲುಭಾಗ ತೆಗೆದು ಅಲ್ಲಿ ಸೊಪ್ಪಿನ ಪಲ್ಯವನ್ನೋ ದಪ್ಪ ಬೇಳೆಯನ್ನೋ ಇಡಬೇಕು. ವಾಗ್ಭಟನು ಹೇಳುವಂತೆ ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಎರಡನ್ನು ಅನ್ನಕ್ಕೆ, ಒಂದನ್ನು ನೀರಿಗೆ ಕೊಟ್ಟು, ಒಂದನ್ನು ಬರಿದಾಗಿ ಬಿಡಬೇಕು. ದಿನಕ್ಕೆ ಅರ್ಧ ತಾಸಿನ ನಡಿಗೆಗೆ ಖರ್ಚಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ತಿರುವು ಕಳೆದ ಮೇಲೆಯೂ ಮುಂದುವರಿಸಲು ಸಾಧ್ಯವಾದುದನ್ನು ಮಾತ್ರ ಆರಂಭಿಸಬೇಕು. ಅಭ್ಯಾಸವು ಮನೆಯವರೆಲ್ಲರದಾಗದೆ ಒಬ್ಬರದಾಗಿ ನಿಲ್ಲುವುದಿಲ್ಲ. ಸೊಸೆಗೆ ಪಥ್ಯ ಹೇಳಿ ಮಗನಿಗೆ ಕರಿದುದನ್ನು ಬಡಿಸುವ ಮನೆಯಲ್ಲಿ ಯಾರಿಗೂ ಆರೋಗ್ಯವಿಲ್ಲ.

ಅಮೋಘವರ್ಷನ ಸಭಾಮಂಟಪ ಇಂದು ಮಳಖೇಡದಲ್ಲಿಲ್ಲ. ಕೋಟೆಯ ಕಲ್ಲುಗಳು ಮಾತ್ರ ಉಳಿದಿವೆ. ಆದರೆ ಹಿತಾಹಿತದ ಆ ಚರ್ಚೆ ಮುಗಿದಿಲ್ಲ. ಗುಂಡಗುರ್ತಿಯ ಯಾವುದೋ ಮನೆಯಲ್ಲಿ, ಲಗ್ನಕ್ಕೆ ಆರು ತಿಂಗಳಿರುವಾಗ, ತಾಯಿಯೊಬ್ಬಳು ಮಗಳ ತಾಟಿಗೆ ಏನನ್ನು ಬಡಿಸಬೇಕೆಂದು ಯೋಚಿಸುವ ಗಳಿಗೆಯಲ್ಲಿ ಅದು ಮತ್ತೆ ಆರಂಭವಾಗುತ್ತದೆ. ಅವಳ ಬುಟ್ಟಿಯಲ್ಲಿ ಜೋಳದ ರೊಟ್ಟಿಯಿದೆ, ಗಡಿಗೆಯಲ್ಲಿ ತೊಗರಿಯ ಬೇಳೆಯಿದೆ. ಇನ್ನು ಬೇಕಾದುದು ಲಕ್ಕಮ್ಮನ ಅಳತೆ.